ಅಗ್ರಪೂಜೆ ಯಾರಿಗೆ? ಗಣಕದ ಮೊದಲ ಸರದಿಯ ಚರಿತ್ರೆ

ಕಳೆದ ಮಳೆಗಾಲದ ಒಂದು ಭಾನುವಾರ, ಮಾಟುಂಗದಲ್ಲಿ ನಾವು ತಿಂಗಳಿಗೊಮ್ಮೆ ಸೇರುವ ಕೂಟಕ್ಕೆ ಒಂದು ಹಳೆಯ ಲ್ಯಾಪ್‌ಟಾಪ್ ಬಂತು. ಎರಡು ವರ್ಷಗಳ ಹಿಂದೆ ನಮ್ಮನ್ನಗಲಿದ ಹಿರಿಯ ಸದಸ್ಯರೊಬ್ಬರದು ಅದು. ಅವರ ಮಗಳು ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ತಂದಿದ್ದರು. ಆ ಹಿರಿಯರು ನಿವೃತ್ತಿಯ ನಂತರದ ದಿನಗಳನ್ನೆಲ್ಲ ಒಂದೇ ಕೆಲಸಕ್ಕೆ ಮುಡಿಪಾಗಿಟ್ಟಿದ್ದರು. ಹಗಲು ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತವರನ್ನು ಹುಡುಕಿಕೊಂಡು ಹೋಗಿ, ಅವರ ಮಾತುಗಳನ್ನು ಅವರ ಧಾಟಿಯಲ್ಲಿಯೇ ಬರೆದಿಡುವುದು ಆ ಕೆಲಸ. ಮಾತನಾಡಿದವರಲ್ಲಿ ಹಲವರು ಈಗಿಲ್ಲ. ಬರೆದುಕೊಂಡವರೂ ಇಲ್ಲ. ಬರೆದದ್ದೆಲ್ಲ ಆ ಯಂತ್ರದೊಳಗಿತ್ತು.

ಗುಂಡಿ ಒತ್ತಿದರೆ ಯಂತ್ರದ ದೀಪ ಬೆಳಗುತ್ತಿತ್ತು. ತಯಾರಕರ ಲಾಂಛನ ಮೂಡಿ, ವಿಂಡೋಸ್ ಏಳಲು ಹೊರಟು, ಅರ್ಧದಲ್ಲಿಯೇ ಮುಗ್ಗರಿಸಿ, ಮತ್ತೆ ಲಾಂಛನಕ್ಕೇ ಮರಳುತ್ತಿತ್ತು. ತೋರಿಸಿದ ಎರಡು ಅಂಗಡಿಗಳಲ್ಲಿಯೂ ‘ಫಾರ್ಮ್ಯಾಟ್ ಮಾಡಬೇಕು, ಒಳಗಿರುವುದೆಲ್ಲ ಹೋಗುತ್ತದೆ’ ಎಂದು ಹೇಳಿ ಕಳುಹಿಸಿದ್ದರಂತೆ. ನಮ್ಮ ಕೂಟದ ಕಿರಿಯನೊಬ್ಬ ಜೇಬಿನಿಂದ ಪೆನ್ ಡ್ರೈವ್ ತೆಗೆದು ಯಂತ್ರದ ಪಕ್ಕಕ್ಕೆ ಸಿಕ್ಕಿಸಿದ. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿ, ಲಾಂಛನ ಕಾಣುವ ಮೊದಲೇ ಎಫ್ 2 ಕೀಲಿಯನ್ನು ಬಿಡದೆ ಒತ್ತತೊಡಗಿದ. ನಾವು ಯಾರೂ ಅದುವರೆಗೆ ಒಳಹೊಕ್ಕು ನೋಡದ ಒಂದು ಪರದೆ ತೆರೆಯಿತು. ಅದರಲ್ಲೊಂದು ಪಟ್ಟಿ: ಹಾರ್ಡ್ ಡಿಸ್ಕ್, ಸಿ.ಡಿ., ಯುಎಸ್‌ಬಿ, ನೆಟ್‌ವರ್ಕ್. ಮೂರನೆಯ ಸಾಲನ್ನು ಮೊದಲನೆಯ ಸ್ಥಾನಕ್ಕೆ ಏರಿಸಿ, ಉಳಿಸಿ ಹೊರಬಂದ. ಚಹಾ ಬರುವಷ್ಟರಲ್ಲಿ ಪೆನ್ ಡ್ರೈವ್‌ನೊಳಗಿನ ಲಿನಕ್ಸ್ ಎದ್ದು ಕುಳಿತಿತ್ತು. ಅದರ ಕಿಟಕಿಯೊಳಗೆ, ಡಿಸ್ಕಿನ ಮೇಲೆ ಏನೂ ಕೆಡದೆ ಉಳಿದಿದ್ದ ಹಿರಿಯರ ಕಡತಗಳ ಸಾಲು ಕಂಡಿತು.

ಅಷ್ಟು ಹೊತ್ತೂ ಕೈ ಕಟ್ಟಿ ನಿಂತಿದ್ದ ಆ ಮಗಳು ಕೇಳಿದ ಪ್ರಶ್ನೆ ಒಂದೇ: “ಈ ಪಟ್ಟಿ ಮೊದಲಿನಿಂದಲೂ ಇತ್ತೆ? ಹಾಗಾದರೆ ನಮಗೆ ಯಾರೂ ಯಾಕೆ ಹೇಳಲಿಲ್ಲ?”

ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನಮಗೆ ಕಂಡ ಚರಿತ್ರೆ ಇದು.

ಮೊದಲು ಆ ಪಟ್ಟಿಯ ಕೆಲಸವೇನೆಂದು ತಿಳಿಯಬೇಕು. ಆರಿಸಿದ ಗಣಕಕ್ಕೆ ಸ್ಮೃತಿಯಿಲ್ಲ. ತಾನು ಯಾರ ಯಂತ್ರ, ತನ್ನನ್ನು ನಡೆಸುವ ವ್ಯವಸ್ಥೆ ವಿಂಡೋಸೋ ಲಿನಕ್ಸೋ ಎಂಬುದೂ ಅದಕ್ಕೆ ತಿಳಿದಿರುವುದಿಲ್ಲ. ವಿದ್ಯುತ್ತು ಹರಿದೊಡನೆ ಅದರ ಸಂಸ್ಕಾರಕವು ಮದರ್‌ಬೋರ್ಡಿನ ಒಂದು ಸಣ್ಣ ಚಿಪ್ಪಿನಲ್ಲಿ ಬರೆದಿಟ್ಟ ಆದೇಶಗಳನ್ನು ಓದಲು ಹೊರಡುತ್ತದೆ. ಆ ಆದೇಶಗಳು ಮೆಮೊರಿ, ಕೀಲಿಮಣೆ, ಪರದೆಗಳನ್ನು ತಡವಿ ನೋಡಿ, ಬಳಿಕ ‘ಇನ್ನು ಮುಂದಿನ ಯಜಮಾನಿಕೆ ಯಾರದು?’ ಎಂದು ಒಂದೊಂದೇ ಸಾಧನದ ಬಾಗಿಲು ತಟ್ಟುತ್ತ ಹೋಗುತ್ತವೆ. ಯಾವ ಬಾಗಿಲಲ್ಲಿ ಮೊದಲು ಸರಿಯಾದ ಉತ್ತರ ಸಿಕ್ಕುತ್ತದೆಯೋ ಅಲ್ಲಿಗೆ ಹುಡುಕಾಟ ನಿಲ್ಲುತ್ತದೆ. ಇಡೀ ಯಂತ್ರ ಆ ಉತ್ತರದ ವಶವಾಗುತ್ತದೆ. ಬಾಗಿಲು ತಟ್ಟುವ ಈ ಕ್ರಮಕ್ಕೆ ಬೂಟ್ ಸರದಿ ಎಂದು ಹೆಸರು. ಧರ್ಮರಾಯನ ರಾಜಸೂಯದಲ್ಲಿ ಅಗ್ರಪೂಜೆ ಯಾರಿಗೆಂಬ ಒಂದೇ ಮಾತಿಗೆ ತುಂಬಿದ ಸಭೆ ಕದಡಿಹೋಯಿತಲ್ಲವೆ? ಗಣಕದ ಸಭೆಯಲ್ಲಿಯೂ ಮೊದಲ ಮಣೆಯ ಪ್ರಶ್ನೆ ಅಷ್ಟೇ ಗಂಭೀರವಾದದ್ದು. ಎರಡನೆಯವನಿಗೆ ಮಾತನಾಡುವ ಅವಕಾಶವೇ ಬರುವುದಿಲ್ಲ.

‘ಬೂಟ್’ ಎಂಬ ಮಾತು ಪಾದರಕ್ಷೆಯಿಂದಲೇ ಬಂದದ್ದು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವ ಅಸಾಧ್ಯ ಸಾಹಸಕ್ಕೆ ಇಂಗ್ಲಿಷಿನಲ್ಲಿ ‘ಬೂಟ್‌ಸ್ಟ್ರ್ಯಾಪ್’ ಎನ್ನುತ್ತಿದ್ದರು. ಕಾರ್ಯಕ್ರಮವನ್ನು ಓದಿಕೊಳ್ಳಲು ಗಣಕಕ್ಕೆ ಒಂದು ಕಾರ್ಯಕ್ರಮ ಬೇಕು. ಅದನ್ನು ಓದಿಕೊಳ್ಳಲು ಇನ್ನೊಂದು. ಬೀಜವೃಕ್ಷ ನ್ಯಾಯದ ಈ ಸಿಕ್ಕನ್ನು ಬಿಡಿಸಲು ಯಂತ್ರದೊಳಗೆ ಹೊರಗಿನಿಂದ ಯಾರೋ ಮೊದಲ ಹಿಡಿಯನ್ನು ಹಾಕಬೇಕಿತ್ತು. 1950ರ ದಶಕದಲ್ಲಿ ಆ ‘ಯಾರೋ’ ಯಂತ್ರದ ಮುಂದೆ ನಿಂತ ಮನುಷ್ಯನೇ ಆಗಿದ್ದ. 1952ರ ಐಬಿಎಂ 701 ಗಣಕದ ಮುಂಭಾಗದಲ್ಲಿ ‘ಲೋಡ್’ ಎಂಬ ಗುಂಡಿಯೂ, ಅದರ ಜೊತೆಗೆ ಆಯ್ಕೆಯ ಒಂದು ಸ್ವಿಚ್ಚೂ ಇದ್ದವು. ಸ್ವಿಚ್ಚನ್ನು ತಿರುಗಿಸಿದ ಕಡೆಯಿಂದ, ಅಂದರೆ ರಂಧ್ರದ ಕಾರ್ಡುಗಳಿಂದಲೋ ಕಾಂತೀಯ ಟೇಪಿನಿಂದಲೋ ಡ್ರಮ್ಮಿನಿಂದಲೋ, ಯಂತ್ರ ತನ್ನ ಮೊದಲ ಪದವನ್ನು ಓದುತ್ತಿತ್ತು. ಅಂದಿನ ಆ ಸ್ವಿಚ್ಚು ಇಂದಿನ ಪಟ್ಟಿಯ ಮುತ್ತಜ್ಜ. 1964ರಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಮ್/360 ಮಾಲೆಯ ಯಂತ್ರಗಳಲ್ಲಿ ಇದು ಮೂರು ತಿರುಗುಬಿಲ್ಲೆಗಳಾಯಿತು. ಸಾಧನದ ಮೂರಂಕಿಯ ವಿಳಾಸವನ್ನು ಅವುಗಳಲ್ಲಿ ತಿರುಗಿಸಿಟ್ಟು ಗುಂಡಿ ಒತ್ತಿದರೆ ಅಲ್ಲಿಂದಲೇ ಆರಂಭ. ‘ಅಲ್ಲಿ ಸಿಗದಿದ್ದರೆ ಇಲ್ಲಿ’ ಎಂಬ ಪರ್ಯಾಯವಿಲ್ಲ. ಹೇಳಿದವನ ಮಾತೇ ಕಡೆಯ ಮಾತು.

ಇದೇ ಕಾಲಕ್ಕೆ ನಮ್ಮ ಮುಂಬಯಿಯಲ್ಲಿಯೂ ಒಂದು ಗಣಕ ಎದ್ದು ನಿಂತಿತ್ತೆಂಬುದು ಇಲ್ಲಿನ ಎಷ್ಟೋ ಮಂದಿಗೆ ಮರೆತುಹೋಗಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ತಾವೇ ಕಟ್ಟಿದ ಟಿಫ್ರ್ಯಾಕ್ 1960ರಲ್ಲಿ ಕೆಲಸಕ್ಕಿಳಿಯಿತು. 1962ರಲ್ಲಿ ನೆಹರೂ ಅವರು ಅದಕ್ಕೆ ಆ ಹೆಸರಿಟ್ಟರು. ಅದಕ್ಕೆ ಆಹಾರ ತೂತು ಕೊರೆದ ಕಾಗದದ ಪಟ್ಟಿ. ಸರದಿಯ ಪ್ರಶ್ನೆಯೇ ಇಲ್ಲದ ಸುಖ ಅದು: ಕೈಯಲ್ಲಿ ಸುರುಳಿ ಹಿಡಿದು ಬಂದವನ ಕೆಲಸ ಮೊದಲು.

ಮನುಷ್ಯನ ಕೈ ಎಷ್ಟು ಅನಿವಾರ್ಯವಾಗಿತ್ತೆಂಬುದನ್ನು ತಿಳಿಯಲು ಆಲ್ಟೇರ್ 8800ರ ಕಥೆಯೊಂದೇ ಸಾಕು. 1975ರ ಜನವರಿಯ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ಕಾಣಿಸಿಕೊಂಡ ಈ ಪೆಟ್ಟಿಗೆಗೆ ಕೀಲಿಮಣೆಯಿಲ್ಲ, ಪರದೆಯಿಲ್ಲ; ಮುಂದೆ ಒಂದಿಷ್ಟು ಸ್ವಿಚ್ಚುಗಳು, ಒಂದಿಷ್ಟು ಕೆಂಪು ದೀಪಗಳು. ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್ ಅದಕ್ಕೆಂದು ಬೇಸಿಕ್ ಭಾಷೆಯನ್ನು ಸಿದ್ಧಪಡಿಸಿದರು. ಅದನ್ನು ತೋರಿಸಲು ಆಲನ್ ಆಲ್ಬುಕರ್ಕಿಗೆ ವಿಮಾನ ಹತ್ತಿದರು. ವಿಮಾನ ಇಳಿಯುವ ಹೊತ್ತಿಗೆ ನೆನಪಾಯಿತು: ಕಾಗದದ ಪಟ್ಟಿಯಲ್ಲಿರುವ ಬೇಸಿಕ್ಕನ್ನು ಓದಿಕೊಳ್ಳಲು ಯಂತ್ರಕ್ಕೆ ಹೇಳಿಕೊಡುವ ಪುಟ್ಟ ಕಾರ್ಯಕ್ರಮವನ್ನೇ ಬರೆದಿರಲಿಲ್ಲ! ಕುಳಿತಲ್ಲಿಯೇ ಒಂದು ಕಾಗದದ ಮೇಲೆ ಅದನ್ನು ಬರೆದುಕೊಂಡರು. ಮರುದಿನ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಒಂದೊಂದೇ ಬೈಟನ್ನು ಕೈಯಾರೆ ಒಳಗಿಳಿಸಿದರು. ಯಂತ್ರ ಎದ್ದಿತು, ಎರಡು ಎರಡು ಕೂಡಿಸಿದರೆ ನಾಲ್ಕು ಎಂದಿತು. ವಿದ್ಯುತ್ತು ಹೋದರೆ ಈ ಸ್ವಿಚ್ಚಿನ ಸೇವೆ ಮತ್ತೆ ಮೊದಲಿನಿಂದ.

ದಿನವೂ ಹೀಗೆ ಸ್ವಿಚ್ಚು ತಟ್ಟುವುದನ್ನು ಯಾವ ಗುಮಾಸ್ತೆ ಒಪ್ಪಿಯಾನು? ಆ ಮೊದಲ ಹಿಡಿಯನ್ನು ಅಳಿಸಲಾರದ ಚಿಪ್ಪಿನಲ್ಲಿ ಬರೆದಿಟ್ಟರೆ ಆಯಿತೆಂಬ ಯೋಚನೆ ಸಹಜವಾಗಿಯೇ ಬಂತು. 1981ರ ಆಗಸ್ಟ್ 12ರಂದು ಐಬಿಎಂ ಪಿಸಿ ಹೊರಬಂದಾಗ ಅದರೊಳಗೆ ಅಂಥ ಚಿಪ್ಪಿತ್ತು. ಅದರಲ್ಲಿನ ಬರಹಕ್ಕೆ ಬಯೋಸ್ ಎಂದು ಹೆಸರು. ಹೆಸರು ಐಬಿಎಂನ ಸ್ವಂತದ್ದಲ್ಲ. ಸಿಪಿ/ಎಂ ಎಂಬ ವ್ಯವಸ್ಥೆಯನ್ನು ಕಟ್ಟಿದ ಗ್ಯಾರಿ ಕಿಲ್ಡಾಲ್ ಅದಕ್ಕೆ ಮುಂಚೆಯೇ ಅದನ್ನು ಬಳಸಿದ್ದರು. ಇಲ್ಲಿ ಸ್ವಿಚ್ಚು ಮಾಯವಾಗಿ ಸರದಿ ಹುಟ್ಟಿತು. ಯಂತ್ರ ಮೊದಲು ಎ ಡ್ರೈವಿನ ಫ್ಲಾಪಿಯನ್ನು ಕೇಳುತ್ತಿತ್ತು. ಅಲ್ಲಿ ಏನೂ ಇಲ್ಲದಿದ್ದರೆ ಚಿಪ್ಪಿನಲ್ಲಿಯೇ ಇದ್ದ ಕ್ಯಾಸೆಟ್ ಬೇಸಿಕ್ಕನ್ನು ತೆರೆದು ಕೂಡುತ್ತಿತ್ತು. 1983ರಲ್ಲಿ ಹಾರ್ಡ್ ಡಿಸ್ಕಿನೊಡನೆ ಪಿಸಿ ಎಕ್ಸ್‌ಟಿ ಬಂದ ಮೇಲೆ ‘ಮೊದಲು ಎ, ಆಮೇಲೆ ಸಿ’ ಎಂಬ ಕ್ರಮ ರೂಢಿಯಾಯಿತು. ಸರದಿಯನ್ನು ಗೊತ್ತುಮಾಡಿದವರು ಚಿಪ್ಪು ಬರೆದವರು. ಕೊಂಡವನಿಗೆ ಅದರಲ್ಲಿ ಮಾತಿಲ್ಲ.

ಆದರೂ ಆ ಕ್ರಮದಲ್ಲಿ ಒಂದು ವಿವೇಕವಿತ್ತೆಂದು ನಮಗನ್ನಿಸುತ್ತದೆ. ಹಾರ್ಡ್ ಡಿಸ್ಕು ಮನೆಯ ಯಜಮಾನ. ಯಾವಾಗಲೂ ಒಳಗೇ ಇರುವವನು. ಫ್ಲಾಪಿ ಅತಿಥಿ, ಯಾರೋ ಕರೆತಂದು ಕೂರಿಸಿದರೆ ಮಾತ್ರ ಇರುತ್ತದೆ. ಅತಿಥಿ ಬಂದಿದ್ದಾನೆಂದರೆ ಏನೋ ಕಾರಣವಿದ್ದೇ ಬಂದಿರಬೇಕು. ಆದ್ದರಿಂದ ಮೊದಲ ಮಣೆ ಅವನಿಗೆ. ಯಜಮಾನ ಹಾಸಿಗೆ ಹಿಡಿದಾಗ ವೈದ್ಯನಾಗಿ ಒಳಬರುವವನೂ ಇದೇ ಅತಿಥಿ. ಮಾಟುಂಗದಲ್ಲಿ ಆ ಪೆನ್ ಡ್ರೈವ್ ಮಾಡಿದ್ದು ಇದೇ ಕೆಲಸ.

ಈ ಚಿಪ್ಪಿನ ಬರಹದ ಸುತ್ತ ಒಂದು ವಿಚಿತ್ರ ವ್ಯಾಜ್ಯವೂ ನಡೆಯಿತು. ಐಬಿಎಂ ತನ್ನ ಬಯೋಸನ್ನು ಸಾಲುಸಾಲಾಗಿ ಕೈಪಿಡಿಯಲ್ಲಿ ಅಚ್ಚು ಹಾಕಿಸಿತ್ತು. ಯಾರು ಬೇಕಾದರೂ ಓದಬಹುದು; ಆದರೆ ನಕಲು ಮಾಡಿದರೆ ಕೃತಿಸ್ವಾಮ್ಯದ ಉಲ್ಲಂಘನೆ. ಕಾಂಪ್ಯಾಕ್ ಕಂಪನಿಯೂ, 1984ರಲ್ಲಿ ಫೀನಿಕ್ಸ್ ಕಂಪನಿಯೂ ಇದಕ್ಕೆ ಮಡಿವಂತಿಕೆಯ ದಾರಿಯೊಂದನ್ನು ಹಿಡಿದವು. ಒಂದು ತಂಡ ಅದನ್ನು ಓದಿ, ಅದು ಏನು ಮಾಡುತ್ತದೆಂದು ಮಾತ್ರ ಬರೆದುಕೊಡುವುದು. ಅದನ್ನು ಎಂದೂ ಕಣ್ಣಿಂದ ನೋಡದ ಇನ್ನೊಂದು ತಂಡ ಆ ವಿವರಣೆಯಿಂದ ಹೊಸದಾಗಿ ಬರೆಯುವುದು. ಫೀನಿಕ್ಸ್ ತಾನು ಬರೆದದ್ದನ್ನು ಬೇರೆ ತಯಾರಕರಿಗೂ ಮಾರಿತು. ಪಿಸಿ ಯಾರ ಸ್ವತ್ತೂ ಅಲ್ಲದಂತಾಯಿತು. 1985ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಸುಬ್ರಮಣಿಯನ್ ಶಂಕರ್ ಮತ್ತು ಪ್ಯಾಟ್ ಶರ್ಮ ಕಟ್ಟಿದ ಅಮೆರಿಕನ್ ಮೆಗಾಟ್ರೆಂಡ್ಸ್ ಇದೇ ಕ್ಷೇತ್ರದ ಇನ್ನೊಂದು ದೊಡ್ಡ ಹೆಸರು. ಹಳೆಯ ಗಣಕಗಳನ್ನು ಹಚ್ಚಿದೊಡನೆ ಮೇಲ್ತುದಿಯಲ್ಲಿ ಕಾಣುತ್ತಿದ್ದ ‘ಎಎಂಐ’ ಎಂಬ ಮೂರಕ್ಷರ ಅದರದೇ. ಚೆನ್ನೈಯಲ್ಲಿಯೂ ಅದರ ಕಚೇರಿಯಿದೆ. ಅಲ್ಲಿನ ನಮ್ಮ ಓದುಗರಲ್ಲಿ ಕೆಲವರಿಗಾದರೂ ಅದು ಪರಿಚಿತವಿರಬೇಕು.

ಅತಿಥಿಗೆ ಮೊದಲ ಮಣೆ ಕೊಟ್ಟ ವಿವೇಕವೇ ಮುಂದೆ ಉರುಳಾಯಿತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಏಕೆಂದರೆ ಸರದಿ ಬದಲಿಸುವ ಹಕ್ಕು ನಮ್ಮ ಕೈಗೆ ಬಂದದ್ದು ಉದಾರತೆಯಿಂದಲ್ಲ, ಭಯದಿಂದ.

ಪ್ರತಿಯೊಂದು ಫ್ಲಾಪಿಯ ಮೊದಲ ತುಣುಕಿನಲ್ಲಿ, ಕೇವಲ 512 ಬೈಟುಗಳ ಜಾಗದಲ್ಲಿ, ಒಂದು ಕಿರು ಕಾರ್ಯಕ್ರಮವಿರುತ್ತಿತ್ತು. ಬರೀ ಕಾಗದಪತ್ರಗಳಿರುವ ಫ್ಲಾಪಿಯಲ್ಲಿಯೂ ಅದು ಇರುತ್ತಿತ್ತು. ಅಂಥ ಫ್ಲಾಪಿಯನ್ನು ಒಳಗೇ ಮರೆತು ಯಂತ್ರ ಹಚ್ಚಿದರೆ ‘ಇದು ವ್ಯವಸ್ಥೆಯ ಡಿಸ್ಕಲ್ಲ, ಬದಲಿಸಿ ಯಾವುದಾದರೂ ಕೀಲಿ ಒತ್ತಿ’ ಎಂಬರ್ಥದ ಇಂಗ್ಲಿಷ್ ಸಾಲು ಬರುತ್ತಿತ್ತಲ್ಲ, ಆ ಸಾಲನ್ನು ಬರೆಯುತ್ತಿದ್ದುದು ಆ ಕಿರು ಕಾರ್ಯಕ್ರಮವೇ. ಅಂದರೆ ಸಾಲು ಕಾಣುವ ಹೊತ್ತಿಗೆ ಯಂತ್ರ ಅತಿಥಿಯ ಮಾತನ್ನು ಆಗಲೇ ಕೇಳಿಯಾಗಿತ್ತು. ಆ 512 ಬೈಟುಗಳ ಜಾಗದಲ್ಲಿ ಬೇರೊಬ್ಬ ಬಂದು ಕೂತರೆ? 1986ರಲ್ಲಿ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸಹೋದರರು ಬರೆದ ‘ಬ್ರೇನ್’ ವೈರಸ್ ಮಾಡಿದ್ದು ಇದನ್ನೇ. ತಮ್ಮ ತಂತ್ರಾಂಶವನ್ನು ಕದಿಯುವವರನ್ನು ಹಿಡಿಯಲೆಂದು ಬರೆದೆವೆಂದು ಅವರು ಹೇಳಿದರು; ಒಳಗೆ ತಮ್ಮ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನೂ ಬರೆದಿದ್ದರು. ಇಂದಿನ ಕಳ್ಳರಿಗೆ ಹೋಲಿಸಿದರೆ ಎಷ್ಟು ಸಭ್ಯರು! ಬ್ರೇನ್ ಹಾರ್ಡ್ ಡಿಸ್ಕನ್ನು ಮುಟ್ಟುತ್ತಿರಲಿಲ್ಲ. ಅದರ ಹಿಂದೆ ಬಂದವರಿಗೆ ಆ ಮರ್ಯಾದೆಯಿರಲಿಲ್ಲ. ನ್ಯೂಜಿಲೆಂಡಿನ ‘ಸ್ಟೋನ್ಡ್’, ಅದರ ವಂಶದ ‘ಮೈಕೆಲ್ಯಾಂಜೆಲೊ’ ಮರೆತ ಫ್ಲಾಪಿಯಿಂದ ಹಾರ್ಡ್ ಡಿಸ್ಕಿಗೂ, ಅಲ್ಲಿಂದ ಮುಂದೆ ಬಂದ ಪ್ರತಿಯೊಂದು ಫ್ಲಾಪಿಗೂ ಹಬ್ಬುತ್ತ ಹೋದವು. ಮೈಕೆಲ್ಯಾಂಜೆಲೊ ಆ ಕಲಾವಿದನ ಹುಟ್ಟುಹಬ್ಬವಾದ ಮಾರ್ಚ್ 6ರಂದು ಡಿಸ್ಕಿನ ಮೇಲೆ ಕಸ ಬರೆದು ಹಾಳುಗೆಡಹುತ್ತಿತ್ತು. 1992ರ ಆ ದಿನಕ್ಕೆ ಜಗತ್ತಿನ ಪತ್ರಿಕೆಗಳೆಲ್ಲ ಪ್ರಳಯವನ್ನೇ ಸಾರಿದ್ದವು. ಹೇಳಿದಷ್ಟು ಅನಾಹುತವೇನೂ ಆಗಲಿಲ್ಲ.

ಆ ಕಾಲದಲ್ಲಿ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಯಂತ್ರ ಜೋಡಿಸಿಕೊಂಡವರು ನಮ್ಮಲ್ಲಿ ಹಲವರಿದ್ದಾರೆ. ಒಬ್ಬರ ಕಚೇರಿಯಿಂದ ಇನ್ನೊಬ್ಬರ ಮನೆಗೆ ಫ್ಲಾಪಿಗಳು ಸಂಚರಿಸುತ್ತಿದ್ದ ಬಗೆಯನ್ನು ನೆನೆದರೆ, ವೈರಸ್ಸು ಬಾರದೆ ಉಳಿದ ಯಂತ್ರವಾದರೂ ಯಾವುದೆಂದು ಬೆರಗಾಗುತ್ತದೆ. ಇದಕ್ಕೆ ಮದ್ದಾಗಿ 1990ರ ದಶಕದ ಬಯೋಸ್‌ಗಳಲ್ಲಿ ಒಂದು ಆಯ್ಕೆ ಕಾಣಿಸಿಕೊಂಡಿತು: ‘ಎ, ಸಿ’ ಅಥವಾ ‘ಸಿ, ಎ’. ಎರಡನೆಯದನ್ನು ಆರಿಸಿದರೆ ಮರೆತ ಫ್ಲಾಪಿ ಒಳಗಿದ್ದರೂ ಯಂತ್ರ ಅದರತ್ತ ತಿರುಗಿ ನೋಡುವುದಿಲ್ಲ. ಎರಡಕ್ಷರಗಳ ಆ ಅದಲುಬದಲು, ಅದೆಷ್ಟೋ ಕಚೇರಿಗಳ ಲೆಕ್ಕಪತ್ರಗಳನ್ನು ಯಾವ ವೈರಸ್ ನಿರೋಧಕಕ್ಕೂ ಕಡಿಮೆಯಿಲ್ಲದಂತೆ ಕಾಯಿತು.

ಆಯ್ಕೆ ಮಾಡಿದ್ದನ್ನು ಯಂತ್ರ ನೆನಪಿಟ್ಟುಕೊಳ್ಳುವುದು ಎಲ್ಲಿ? ಇದಕ್ಕೆ ನೆಲೆ ಮೊದಲೇ ಸಿದ್ಧವಾಗಿತ್ತು. 1984ರ ಪಿಸಿ ಎಟಿಯಲ್ಲಿ ಗಡಿಯಾರದ ಚಿಪ್ಪಿನೊಳಗೆ 64 ಬೈಟುಗಳ ಪುಟ್ಟ ಸ್ಮೃತಿಯಿದ್ದು, ಯಂತ್ರ ಆರಿದಾಗಲೂ ಬ್ಯಾಟರಿಯೊಂದು ಅದನ್ನು ಜೀವಂತವಾಗಿಡುತ್ತಿತ್ತು. ಬ್ಯಾಟರಿ ಸತ್ತರೆ ದಿನಾಂಕದೊಡನೆ ಆಯ್ಕೆಗಳೂ ಹೋಗುತ್ತಿದ್ದವು. ಈಗಲೂ ಹಳೆಯ ಯಂತ್ರವೊಂದು ಪ್ರತಿಸಲವೂ ತಪ್ಪು ವರ್ಷ ತೋರಿಸುತ್ತ, ಹೊಂದಿಸಿಟ್ಟ ಸರದಿಯನ್ನು ಮರೆಯುತ್ತಿದ್ದರೆ ಆ ನಾಣ್ಯದಾಕಾರದ ಬ್ಯಾಟರಿಯನ್ನು ಬದಲಿಸುವುದೇ ಮದ್ದು.

ಲ್ಯಾಪ್‌ಟಾಪಿನಲ್ಲಿ ಈ ಕಥೆಗೆ ಬೇರೆಯೇ ಇಕ್ಕಟ್ಟು. 1985ರ ತೋಷಿಬಾ ಟಿ1100ರಲ್ಲಿ ಹಾರ್ಡ್ ಡಿಸ್ಕೇ ಇರಲಿಲ್ಲವಾಗಿ ಸರದಿಯ ಜಗಳವೂ ಇರಲಿಲ್ಲ. 1990ರ ದಶಕದ ಎಷ್ಟೋ ಯಂತ್ರಗಳಲ್ಲಿ ಫ್ಲಾಪಿಗೂ ಸಿ.ಡಿ.ಗೂ ಸೇರಿ ಒಂದೇ ಗೂಡು. ಒಂದನ್ನು ಕಳಚಿ ಇನ್ನೊಂದನ್ನು ತೂರಿಸಬೇಕು. ಮೇಜಿನ ಗಣಕವಾದರೆ ಪೆಟ್ಟಿಗೆ ಬಿಚ್ಚಿ ಡಿಸ್ಕನ್ನು ಇನ್ನೊಂದು ಯಂತ್ರಕ್ಕೆ ಜೋಡಿಸಿ ನೋಡುವುದು ಸುಲಭ. ಮಡಿಚುವ ಯಂತ್ರದಲ್ಲಿ ಅದು ಎಲ್ಲರ ಕೈಲಾಗುವ ಕೆಲಸವಲ್ಲ. ಈಚಿನ ಕೆಲವು ಯಂತ್ರಗಳಲ್ಲಂತೂ ಡಿಸ್ಕು ಬೋರ್ಡಿಗೇ ಬೆಸೆದುಹೋಗಿದೆ. ಹಾಗಾಗಿ ಲ್ಯಾಪ್‌ಟಾಪಿನ ಒಡೆಯನಿಗೆ ಹಿತ್ತಿಲ ಬಾಗಿಲೆಂದು ಉಳಿದದ್ದು ಈ ಪಟ್ಟಿಯೊಂದೇ. ಆ ಬಾಗಿಲಿನ ಕೀಲಿಯೂ ಒಬ್ಬೊಬ್ಬ ತಯಾರಕನದು ಒಂದೊಂದು: ಕೆಲವರದು ಎಫ್ 2, ಎಚ್‌ಪಿಯಲ್ಲಿ ಎಫ್ 10, ಥಿಂಕ್‌ಪ್ಯಾಡಿನಲ್ಲಿ ಎಫ್ 1. ಒಂದು ಸಲಕ್ಕೆ ಮಾತ್ರ ಬೇರೆ ಸಾಧನದಿಂದ ಏಳಿಸಲು ಡೆಲ್ ಮತ್ತು ಥಿಂಕ್‌ಪ್ಯಾಡ್‌ಗಳಲ್ಲಿ ಎಫ್ 12, ಎಚ್‌ಪಿಯಲ್ಲಿ ಎಫ್ 9. ಒಂದು ಸಲದ ಕೆಲಸಕ್ಕೆ ಈ ಎರಡನೆಯ ದಾರಿಯೇ ಮೇಲು. ಸರದಿಯನ್ನು ಹಿಂದಿನಂತೆ ತಿದ್ದಿಡುವ ಗೋಜಿರುವುದಿಲ್ಲ.

ಸಿ.ಡಿ.ಗೆ ಸರದಿಯಲ್ಲಿ ಜಾಗ ಸಿಕ್ಕಿದ್ದು 1995ರಲ್ಲಿ. ಹಳೆಯ ಬಯೋಸಿಗೆ ಸಿ.ಡಿ. ಎಂದರೇನೆಂದೇ ತಿಳಿಯದು, ಅದಕ್ಕೆ ತಿಳಿದಿದ್ದುದು ಫ್ಲಾಪಿ, ಹಾರ್ಡ್ ಡಿಸ್ಕು ಎರಡೇ. ಫೀನಿಕ್ಸ್ ಮತ್ತು ಐಬಿಎಂನ ಇಬ್ಬರು ಎಂಜಿನಿಯರುಗಳು ಕೂಡಿ, ಸಿ.ಡಿ.ಯ ಒಂದು ಭಾಗವನ್ನೇ ಫ್ಲಾಪಿಯ ವೇಷ ಹಾಕಿ ಕುಣಿಸುವ ಉಪಾಯ ಹೂಡಿದರು. ಕ್ಯಾಲಿಫೋರ್ನಿಯಾದ ‘ಎಲ್ ಟೊರಿಟೊ’ ಎಂಬ ಮೆಕ್ಸಿಕನ್ ಉಪಾಹಾರಗೃಹದಲ್ಲಿ ಉಣ್ಣುತ್ತ ಹೊಳೆದದ್ದರಿಂದ ಆ ನಿಯಮಾವಳಿಗೆ ಅದೇ ಹೆಸರು ನಿಂತಿತು. ಮರುವರ್ಷ ಕಾಂಪ್ಯಾಕ್, ಫೀನಿಕ್ಸ್, ಇಂಟೆಲ್ ಸೇರಿ ಹೊರಡಿಸಿದ ಇನ್ನೊಂದು ನಿಯಮಾವಳಿಯಿಂದ, ಎಷ್ಟೇ ಸಾಧನಗಳಿದ್ದರೂ ಅವನ್ನು ಒಂದು ಪಟ್ಟಿಯಾಗಿಸಿ ಮೇಲೆ ಕೆಳಗೆ ಸರಿಸುವ ಪದ್ಧತಿ ನೆಲೆಗೊಂಡಿತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಯುಎಸ್‌ಬಿಯೂ ಪಟ್ಟಿಗೆ ಸೇರಿತು.

ಆ ಬಳಿಕದ ಹತ್ತು ವರ್ಷಗಳು ಗಣಕದ ಒಡೆಯನ ಪಾಲಿಗೆ ಸುಗ್ಗಿಯ ಕಾಲವೆಂದು ನಾವು ಭಾವಿಸುತ್ತೇವೆ. 2000ದಲ್ಲಿ ಜರ್ಮನಿಯ ಕ್ಲಾಸ್ ನೊಪರ್ ಹೊರತಂದ ನೊಪಿಕ್ಸ್, ಹಾರ್ಡ್ ಡಿಸ್ಕನ್ನು ಮುಟ್ಟದೆಯೇ ಸಿ.ಡಿ.ಯಿಂದ ಇಡೀ ಲಿನಕ್ಸನ್ನು ನಡೆಸಿ ತೋರಿಸಿತು. ಮುಂದೆ ಉಬುಂಟು ತನ್ನ ಸಿ.ಡಿ.ಗಳನ್ನು ಕೇಳಿದವರ ಮನೆಗೆ ಬಿಡಿಗಾಸೂ ಕೇಳದೆ ಅಂಚೆಯಲ್ಲಿ ಕಳುಹಿಸುತ್ತಿತ್ತು. 2011ರಲ್ಲಿ ಆ ಏರ್ಪಾಡು ನಿಂತಿತು. ನಮ್ಮ ಮಾಟುಂಗದ ಕಿರಿಯ ಸರದಿ ಬದಲಿಸುವುದನ್ನು ಕಲಿತದ್ದು ಶಾಲೆಯ ದಿನಗಳಲ್ಲಿ ಬಂದ ಅಂಥದೇ ಒಂದು ಲಕೋಟೆಯಿಂದ.

ಆ ಸುಗ್ಗಿಯ ನಡುವೆಯೇ ಅಡಿಪಾಯ ಬದಲಾಗುತ್ತಿತ್ತು. ಹಳೆಯ ಬಯೋಸ್ 1981ರ ಸಂಸ್ಕಾರಕದ ಅಳತೆಗೆ ಹೊಲಿದ ಅಂಗಿ. 2 ಟೆರಾಬೈಟಿಗಿಂತ ದೊಡ್ಡ ಡಿಸ್ಕಿನಿಂದ ಏಳಲು ಅದರ ಹಳೆಯ ವಿಭಜನಾ ಕೋಷ್ಟಕಕ್ಕೆ ಸಾಧ್ಯವಿರಲಿಲ್ಲ. ಇಂಟೆಲ್ ತನ್ನ ಇಟೇನಿಯಂ ಯಂತ್ರಗಳಿಗೆಂದು ರೂಪಿಸಿದ ಇಎಫ್‌ಐ 2005ರಲ್ಲಿ ಹಲವು ಕಂಪನಿಗಳ ವೇದಿಕೆಯ ಕೈಗೆ ಬಂದು ಯುಇಎಫ್‌ಐ ಆಯಿತು. ಇದರಲ್ಲಿ ಪಟ್ಟಿಯ ಸ್ವರೂಪವೇ ಬೇರೆ. ಸಾಲುಗಳಲ್ಲಿರುವುದು ಬರೀ ಸಾಧನಗಳಲ್ಲ. ಯಾವ ಡಿಸ್ಕಿನ ಯಾವ ವಿಭಾಗದ ಯಾವ ಕಡತ ಎಂಬ ಪೂರ್ತಿ ವಿಳಾಸ. ಪಟ್ಟಿಯನ್ನು ಮನುಷ್ಯ ಮಾತ್ರವಲ್ಲ, ನಡೆಯುತ್ತಿರುವ ವ್ಯವಸ್ಥೆಯೂ ತಿದ್ದಬಲ್ಲದು. ಒಂದೇ ಯಂತ್ರದಲ್ಲಿ ಲಿನಕ್ಸು ವಿಂಡೋಸುಗಳನ್ನು ಜೊತೆಗಿಟ್ಟುಕೊಂಡವರು, ವಿಂಡೋಸನ್ನು ಮತ್ತೆ ಸ್ಥಾಪಿಸಿದೊಡನೆ ಅದು ತನ್ನನ್ನೇ ಮೊದಲ ಮಣೆಯಲ್ಲಿ ಕೂರಿಸಿಕೊಂಡದ್ದನ್ನು ಕಂಡೇ ಇರುತ್ತಾರೆ.

2012ರಲ್ಲಿ ವಿಂಡೋಸ್ 8ರೊಡನೆ ಬಂದ ‘ಸೆಕ್ಯೂರ್ ಬೂಟ್’ ಸರದಿಯ ಮೇಲೆ ಇನ್ನೊಂದು ಕಾವಲನ್ನು ನಿಲ್ಲಿಸಿತು. ಮೊದಲ ಸ್ಥಾನದಲ್ಲಿದ್ದರೆ ಸಾಲದು, ತಯಾರಕರು ಯಂತ್ರದೊಳಗೆ ಇಟ್ಟ ಕೀಲಿಗಳಿಗೆ ಹೊಂದುವ ಸಹಿಯೂ ಇರಬೇಕು. ಬ್ರೇನ್‌ನ ಮೊಮ್ಮಕ್ಕಳನ್ನು ತಡೆಯಲು ಇದು ಅಗತ್ಯವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಕೀಲಿಗಳು ಬಹುಮಟ್ಟಿಗೆ ಮೈಕ್ರೋಸಾಫ್ಟಿನವು. ಲಿನಕ್ಸಿನವರು ಮೈಕ್ರೋಸಾಫ್ಟಿನ ಸಹಿ ಪಡೆದ ‘ಶಿಮ್’ ಎಂಬ ಪುಟ್ಟ ಕಾರ್ಯಕ್ರಮವನ್ನು ಮುಂದಿಟ್ಟುಕೊಂಡು ಅದರ ಬೆನ್ನಿಗೆ ಒಳಬರಬೇಕಾಯಿತು. ಇದರ ಹಿಂದೆ ಮ್ಯಾಥ್ಯೂ ಗ್ಯಾರೆಟ್ ಅವರ ದುಡಿಮೆ ದೊಡ್ಡದು. ವಿಂಡೋಸ್ 8ರ ಕಾಲದಲ್ಲಿ ಸಾಮಾನ್ಯ ಪಿಸಿಗಳಲ್ಲಿ ಈ ಕಾವಲನ್ನು ಆರಿಸುವ ಅವಕಾಶವನ್ನು ಒಡೆಯನಿಗೆ ಕೊಡಲೇಬೇಕೆಂದು ಮೈಕ್ರೋಸಾಫ್ಟಿನ ನಿಯಮವಿತ್ತು. ಎಆರ್‌ಎಂ ಯಂತ್ರಗಳಲ್ಲಿ ಕೊಡಲೇಬಾರದೆಂದಿತ್ತು. ವಿಂಡೋಸ್ 10ರ ಹೊತ್ತಿಗೆ ಪಿಸಿಗಳಲ್ಲಿಯೂ ಅದು ತಯಾರಕರ ಇಚ್ಛೆಗೆ ಬಿಟ್ಟ ವಿಷಯವಾಯಿತು. ಐಬಿಎಂ 701ರ ಮುಂದೆ ನಿಂತವನ ಕೈಯಲ್ಲಿದ್ದ ಸ್ವಿಚ್ಚು ಎಲ್ಲಿಂದ ಎಲ್ಲಿಗೆ ಬಂತೆಂದು ಇಲ್ಲಿ ನಿಂತು ಒಮ್ಮೆ ಹಿಂತಿರುಗಿ ನೋಡಬಹುದು.

ನಡುವೆ ನಮ್ಮ ಭಾಷೆಯ ಒಂದು ಮಾತು. ಈ ಪಟ್ಟಿಯನ್ನು ಕನ್ನಡದಲ್ಲಿ ತೋರಿಸುವ ಲ್ಯಾಪ್‌ಟಾಪನ್ನು ನಾವು ಯಾರೂ ಕಂಡಿಲ್ಲ. ಯುಇಎಫ್‌ಐ ನಿಯಮಾವಳಿಯ ಸರಳ ಅಕ್ಷರಗಳಿಗೆ ಎರಡೇ ಅಳತೆ: 8 ಚುಕ್ಕೆ ಅಗಲದ್ದೊಂದು, 16 ಚುಕ್ಕೆ ಅಗಲದ್ದೊಂದು, ಎತ್ತರ 19 ಚುಕ್ಕೆ. ಒಂದು ಅಕ್ಷರಕ್ಕೆ ಒಂದು ಚೌಕ. ‘ಸ್ತ್ರೀ’ ಎಂಬಲ್ಲಿ ಒತ್ತಿನ ಕೆಳಗೆ ಒತ್ತು ಇಳಿಯುವ ನಮ್ಮ ಲಿಪಿಗೆ ಆ ಚೌಕದಲ್ಲಿ ಕಾಲು ಚಾಚಲು ಎಡೆಯಿಲ್ಲ. ಪುಣೆಯ ಸಿ-ಡ್ಯಾಕ್‌ನವರು ಒಂದು ಕಾಲಕ್ಕೆ ಭಾರತದ ಲಿಪಿಗಳನ್ನು ಪಿಸಿಯ ಪರದೆಗೆ ತರಲು ‘ಜಿಸ್ಟ್’ ಎಂಬ ಪ್ರತ್ಯೇಕ ಕಾರ್ಡನ್ನೇ ಯಂತ್ರಕ್ಕೆ ತೊಡಿಸಬೇಕಾಯಿತು. ವಿಂಡೋಸು ಲಿನಕ್ಸುಗಳು ಇಂದು ಕನ್ನಡವನ್ನು ಸೊಗಸಾಗಿಯೇ ಬರೆಯುತ್ತವೆ. ಅವು ಏಳುವ ಮುಂಚಿನ ಆ ನಾಲ್ಕು ಕ್ಷಣಗಳ ರಾಜ್ಯದಲ್ಲಿ ಮಾತ್ರ ನಮಗಿನ್ನೂ ನಾಲಗೆಯಿಲ್ಲ. ‘ನಮಗೆ ಯಾರೂ ಯಾಕೆ ಹೇಳಲಿಲ್ಲ’ ಎಂಬ ಪ್ರಶ್ನೆಗೆ ಉತ್ತರದ ಒಂದು ಪಾಲು ಇಲ್ಲಿಯೂ ಇರಬಹುದು.

ಮತ್ತೆ ಮಾಟುಂಗಕ್ಕೆ. ಹಿರಿಯರ ಯಂತ್ರ ಹಳೆಯದಾಗಿದ್ದುದೇ ನಮ್ಮ ಪುಣ್ಯವೆಂದು ಆಮೇಲೆ ತಿಳಿಯಿತು. ಈಚಿನ ವಿಂಡೋಸ್ 11 ಯಂತ್ರಗಳಲ್ಲಿ ಬಹಳಷ್ಟು, ಡಿಸ್ಕಿನ ಬರಹವನ್ನೆಲ್ಲ ತಾವಾಗಿಯೇ ಗೂಢಲಿಪಿಗೆ ತಿರುಗಿಸಿಡುತ್ತವೆ. ಕಳುವಾದಾಗ ಅದು ವರ. ಒಡೆಯರು ಗತಿಸಿದಾಗ ಅದೇ ಬೀಗ. ಅಂಥ ಯಂತ್ರದಲ್ಲಿ ಸರದಿಯನ್ನು ಬದಲಿಸಿ ಪೆನ್ ಡ್ರೈವ್‌ನಿಂದ ಎಬ್ಬಿಸಿದರೂ ಡಿಸ್ಕಿನೊಳಗೆ ಕಾಣುವುದು ಬರೀ ಕಸ. ಸರದಿ ಬದಲಿಸಿದ ಕಾರಣಕ್ಕೇ ಯಂತ್ರ ಸಂಶಯಪಟ್ಟು 48 ಅಂಕಿಗಳ ಮರುಪಡೆಯುವ ಕೀಲಿಯನ್ನು ಕೇಳುವುದೂ ಉಂಟು. ಆ ಕೀಲಿ ಸಾಮಾನ್ಯವಾಗಿ ಒಡೆಯರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಆ ಖಾತೆಯ ಗುಪ್ತಪದ ಒಡೆಯರ ತಲೆಯಲ್ಲಿರುತ್ತದೆ.

ಅಂದಿನಿಂದ ನಮ್ಮ ಕೂಟದಲ್ಲಿ ಒಂದು ವಾಡಿಕೆ ಶುರುವಾಗಿದೆ. ಬರೆಯುವ ಹಿರಿಯರೆಲ್ಲರೂ ತಮ್ಮ ಯಂತ್ರದ ಆ 48 ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು, ಮನೆಯಲ್ಲಿ ಬ್ಯಾಂಕಿನ ಪುಸ್ತಕಗಳಿಡುವ ಕಡೆ ಇಡುವುದು. ಕೆಳಗೆ ಇನ್ನೊಂದು ಸಾಲು: ಯಂತ್ರ ಏಳದಿದ್ದರೆ ಯಾವ ಕೀಲಿಯನ್ನು ಒತ್ತಬೇಕು, ಪಟ್ಟಿಯಲ್ಲಿ ಯಾವುದನ್ನು ಮೇಲಕ್ಕೆ ಸರಿಸಬೇಕು ಎಂದು. ಇದನ್ನು ಕನ್ನಡದಲ್ಲಿ ಬರೆಯುತ್ತಾರೆ.

ಹಿರಿಯರ ಕಡತಗಳು ತೆರೆದಾಗ ಮೊದಲು ಕಂಡದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ. ಅವರು ಬರೆದದ್ದೆಲ್ಲ ಯುನಿಕೋಡಿಗೆ ಹಿಂದಿನ ನುಡಿ ಅಕ್ಷರಗಳಲ್ಲಿ. ಅವನ್ನು ಪರಿವರ್ತಿಸಿ, ಕೆಟ್ಟ ಒತ್ತಕ್ಷರಗಳನ್ನು ಕೈಯಿಂದ ತಿದ್ದುವ ಕೆಲಸವನ್ನು ನಾವು ಆರು ಮಂದಿ ಹಂಚಿಕೊಂಡಿದ್ದೇವೆ. ಅರ್ಧಕ್ಕಿಂತ ಹೆಚ್ಚು ಇನ್ನೂ ಬಾಕಿಯಿದೆ. ಮೊದಲು ಸರಿಹೋದ ಕಡತದಲ್ಲಿ, ಕೋಟೆ ಪ್ರದೇಶದ ಹೋಟೆಲೊಂದರಲ್ಲಿ ಹನ್ನೆರಡರ ವಯಸ್ಸಿಗೆ ಕೆಲಸಕ್ಕೆ ನಿಂತವರೊಬ್ಬರು, ರಾತ್ರಿಶಾಲೆಯಲ್ಲಿ ತಮ್ಮ ಹೆಸರನ್ನು ಮೊದಲ ಸಲ ಬರೆದ ದಿನವನ್ನು ಕುರಿತು ಹೇಳುತ್ತಾರೆ. ಸ್ಲೇಟು ಒರೆಸಲು ಮನಸ್ಸು ಬಾರದೆ, ಅದನ್ನು ಹಾಗೆಯೇ ಅಂಗಿಯೊಳಗಿಟ್ಟುಕೊಂಡು ಹೋಟೆಲಿಗೆ ಮರಳಿದರಂತೆ; ಬೆಳಗ್ಗೆ ನೋಡಿದರೆ ಬೆವರಿಗೆ ಅಳಿಸಿಹೋಗಿತ್ತಂತೆ.